ಕೂಗುವವರಿಗೆ ಮೊದಲು ಕೊಡಬೇಡಿ

ಪ್ರಶ್ನೆ: ನನಗೆ 23 ವರ್ಷ. ಊರು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. 2024ರಲ್ಲಿ ಬಿ.ಇ. ಮುಗಿಸಿ ಹೈದರಾಬಾದಿಗೆ ಬಂದೆ. ಅಮೀರ್‌ಪೇಟೆಯಲ್ಲಿ ಕೋರ್ಸ್ ಮಾಡಿ ಈಗ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ಕೈಗೆ 31,000 ರೂಪಾಯಿ ಬರುತ್ತದೆ. ಮನೆಯಲ್ಲಿ 45,000 ಎಂದು ಹೇಳಿದ್ದೇನೆ.

ಊರಿನ ಬ್ಯಾಂಕಿನಲ್ಲಿ ತೆಗೆದ ಶಿಕ್ಷಣ ಸಾಲ 3,50,000 ಇತ್ತು, ಬಡ್ಡಿ ಸೇರಿ 4,70,000 ಆಗಿದೆ. ಬಡ್ಡಿ ಶೇ 10, ಕಂತು 7,800. ಎರಡು ಕಂತು ಕಟ್ಟಿಲ್ಲ. ಕೋರ್ಸಿನ ಫೀಸಿಗೆ ಇನ್‌ಸ್ಟಿಟ್ಯೂಟಿನವರೇ ಫೈನಾನ್ಸ್ ಮಾಡಿಸಿಕೊಟ್ಟರು, ತಿಂಗಳಿಗೆ 5,000ದಂತೆ ಇನ್ನು ಐದು ಕಂತು ಇದೆ. ಕ್ರೆಡಿಟ್ ಕಾರ್ಡ್ ಬಾಕಿ 72,000. ಪ್ರತಿ ತಿಂಗಳು ಮಿನಿಮಮ್ 3,600 ಕಟ್ಟುತ್ತೇನೆ, ಒಮ್ಮೆಯೂ ತಪ್ಪಿಸಿಲ್ಲ. ಅದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಬೈಕ್ ಮತ್ತು ಫೋನಿಗೆ ಖರ್ಚಾದದ್ದು. ಒಂದು ಆ್ಯಪ್ ಸಾಲ 3,200ರಂತೆ ಆರು ಕಂತು ಉಳಿದಿದೆ. ಇನ್ನೊಂದು ಆ್ಯಪ್‌ನಲ್ಲಿ ಏಳು ದಿನಕ್ಕೆಂದು 10,000 ಕೇಳಿದೆ, ಕೈಗೆ 6,000 ಬಂತು. ಈವರೆಗೆ 14,000 ಕಟ್ಟಿದ್ದೇನೆ, ಇನ್ನೂ 9,000 ಬಾಕಿ ಎನ್ನುತ್ತಾರೆ. ನನ್ನ ಫೋಟೊ ಕೆಟ್ಟದಾಗಿ ತಿದ್ದಿ ಫೋನಿನಲ್ಲಿರುವ ಎಲ್ಲರಿಗೂ ಕಳಿಸುತ್ತೇವೆ ಎಂದು ಬೆದರಿಸುತ್ತಿದ್ದಾರೆ. ರೂಮ್‌ಮೇಟ್‌ಗೆ 20,000 ಕೈಗಡ ಕೊಡಬೇಕು.

ಹಾಸ್ಟೆಲ್, ಊಟ, ಪೆಟ್ರೋಲ್ ಸೇರಿ 12,000 ಆಗುತ್ತದೆ. ಮನೆಗೆ 8,000 ಕಳಿಸುತ್ತೇನೆ. ಅದರಲ್ಲಿ 3,000 ಅವ್ವ ನನಗಾಗಿ ಸಂಘದಲ್ಲಿ ತೆಗೆದ ಸಾಲಕ್ಕೆ ಹೋಗುತ್ತದೆ. ಒಬ್ಬ ಏಜೆಂಟ್ ಎಲ್ಲ ಸಾಲವನ್ನೂ ಒಂದೇ ಮಾಡಲು 2 ಲಕ್ಷ ಪರ್ಸನಲ್ ಲೋನ್ ಕೊಡಿಸುತ್ತೇನೆ, ಮೊದಲು 6,000 ಫೈಲ್ ಚಾರ್ಜ್ ಕಟ್ಟು ಎಂದಿದ್ದಾನೆ. ಕಟ್ಟಲೇ? ಅಪ್ಪನಿಗೆ ಹೇಳುವ ಧೈರ್ಯ ಇಲ್ಲ. ಕೆಲವು ರಾತ್ರಿ ಬದುಕೇ ಬೇಡ ಅನಿಸುತ್ತದೆ.

— ಹೆಸರು ಬೇಡ, ಹೈದರಾಬಾದ್

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಬದುಕೇ ಬೇಡ ಅನಿಸಿದ ರಾತ್ರಿ ಒಬ್ಬರೇ ಇರಬೇಡಿ. ಪಕ್ಕದ ಮಂಚದಲ್ಲಿ ಮಲಗಿರುವ ರೂಮ್‌ಮೇಟ್‌ನನ್ನು ಎಬ್ಬಿಸಿ. ಅವನಿಗೆ 20,000 ಕೊಡಬೇಕಿದೆ ಎಂಬ ಸಂಕೋಚ ಆ ಹೊತ್ತಿಗೆ ಬೇಡವೇ ಬೇಡ, ಗೆಳೆಯ ಬದುಕಿರಬೇಕು ಎಂಬುದಕ್ಕಿಂತ ದೊಡ್ಡದು ಅವನಿಗೆ ಆ ಹಣವಲ್ಲ. 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಈ ಅಂಕಣ ಓದಿ ಮುಗಿಸುವ ಮೊದಲು ಆ ಸಂಖ್ಯೆಯನ್ನು ಫೋನಿಗೆ ಸೇರಿಸಿಕೊಳ್ಳಿ.

ಈಗ ಲೆಕ್ಕ. ನೀವು ಬರೆದ ಸಾಲಗಳನ್ನು ಕೂಡಿಸಿದೆ. ಆ ಏಳು ದಿನದ ಆ್ಯಪ್ ಬಿಟ್ಟು, ಅವ್ವನ ಸಂಘದ ಸಾಲ ಬಿಟ್ಟು, ಒಟ್ಟು 6,06,000 ರೂಪಾಯಿಯ ಆಸುಪಾಸು. ಕೇಳಲು ದೊಡ್ಡ ಮೊತ್ತ. ಆದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶಿಕ್ಷಣ ಸಾಲ. ಅದು ಓದಿಗಾಗಿ ತೆಗೆದದ್ದು, ಶೇ 10ರ ಬಡ್ಡಿಯದ್ದು, ವರ್ಷಗಟ್ಟಲೆ ನಿಧಾನವಾಗಿ ತೀರಿಸಲೆಂದೇ ಇರುವ ಸಾಲ. ನಿಮ್ಮ ನಿದ್ದೆ ಕೆಡಿಸಿರುವುದು ಉಳಿದ 1,36,000. ಅದು ನಿಮ್ಮ ನಾಲ್ಕೂವರೆ ತಿಂಗಳ ಸಂಬಳಕ್ಕಿಂತ ಕಡಿಮೆ. 23ನೇ ವಯಸ್ಸಿನಲ್ಲಿ ಕೈಯಲ್ಲಿ ಕೆಲಸವಿರುವ ಒಬ್ಬ ಹುಡುಗನಿಗೆ ಇದು ತೀರದ ಸಾಲವಲ್ಲ.

ಹಾಗಾದರೆ ತಿಂಗಳು ತಿಂಗಳೂ ಏಕೆ ಮುಳುಗುತ್ತಿದ್ದೀರಿ? ನೀವು ಯಾರಿಗೆ ಮೊದಲು ಕೊಡುತ್ತಿದ್ದೀರಿ ಎಂದು ನೋಡಿ. ಅವಮಾನ ಮಾಡುತ್ತೇನೆ ಎಂದು ಕೂಗುವ ಆ್ಯಪ್‌ನವರಿಗೆ ಮೊದಲು. ಮಿನಿಮಮ್ ಕೇಳುವ ಕಾರ್ಡ್‌ನವರಿಗೆ ಆಮೇಲೆ. ಮಗ ದೊಡ್ಡ ಪಗಾರದವನು ಎಂಬ ಮಾತು ಉಳಿಯಲಿ ಎಂದು ಮನೆಗೆ 8,000. ಕೂಗದ, ಬೆದರಿಸದ, ಒಂದು ಎಸ್‌ಎಂಎಸ್ ಕಳಿಸಿ ಸುಮ್ಮನಾಗುವ ಊರಿನ ಬ್ಯಾಂಕಿಗೆ ಏನೂ ಇಲ್ಲ. ಯಾರ ಮುಂದೆ ಮರ್ಯಾದೆ ಹೋಗುತ್ತದೆ ಎಂಬ ಭಯವೇ ನಿಮ್ಮ ಹಣ ಹಂಚುತ್ತಿದೆ. ಸಾಲ ತೀರಬೇಕಾದರೆ ಈ ಸಾಲು ಬದಲಾಗಬೇಕು. ಯಾವುದರ ಬಡ್ಡಿ ಹೆಚ್ಚು, ಯಾವುದು ತಪ್ಪಿದರೆ ನಿಜವಾದ ನಷ್ಟ ಹೆಚ್ಚು ಎಂಬುದನ್ನು ನೋಡಿ ಹಣ ಹೋಗಬೇಕು. ನಾನು ಇವತ್ತು ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ, ಉಳಿದದ್ದು ಅದನ್ನು ಮಾಡುವ ದಾರಿ.

ಆ ಏಳು ದಿನದ ಆ್ಯಪ್‌ಗೆ ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಕೈಗೆ ಬಂದದ್ದು 6,000, ಕೊಟ್ಟದ್ದು 14,000. ಕೊಟ್ಟಷ್ಟೂ ಬಾಕಿ ಬೆಳೆಯುತ್ತದೆ, ಏಕೆಂದರೆ ಅವರ ಆದಾಯ ಬರುವುದು ಬಡ್ಡಿಯಿಂದಲ್ಲ, ನಿಮ್ಮ ಹೆದರಿಕೆಯಿಂದ. ನೀವಿರುವ ಊರಿಗೆ ಇದು ಹೊಸದಲ್ಲ. 2020ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಮತ್ತು ಸೈಬರಾಬಾದ್ ಪೊಲೀಸರಿಗೆ ಇಂಥ ಆ್ಯಪ್‌ಗಳ ಮೇಲೆ ಸಾಲು ಸಾಲು ದೂರು ಬಂದವು. ಪೊಲೀಸರು ವಸೂಲಿ ಮಾಡುತ್ತಿದ್ದ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿ, ಚೀನಾದ ಪ್ರಜೆಗಳೂ ಸೇರಿದಂತೆ ಹಲವರನ್ನು ಬಂಧಿಸಿದರು. ಮುಂದಿನ ತಿಂಗಳೇ, 2021ರ ಜನವರಿ 13ರಂದು, ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ಬಗ್ಗೆ ಒಂದು ಸಮಿತಿ ನೇಮಿಸಿತು. 2022ರ ಸೆಪ್ಟೆಂಬರ್ 2ರಂದು ನಿಯಮಗಳು ಬಂದವು, 2025ರ ಮೇ ತಿಂಗಳಲ್ಲಿ ಇನ್ನಷ್ಟು ಬಿಗಿಯಾದವು. ನಿಮ್ಮಂಥ ಎಷ್ಟೋ ಮನೆಮಕ್ಕಳ ನೋವಿನಿಂದ ಹುಟ್ಟಿದ ನಿಯಮಗಳಿವು, ಆದ್ದರಿಂದ ಅವುಗಳನ್ನು ಬಳಸಿಕೊಳ್ಳಿ.

ನಿಯಮ ಏನು ಹೇಳುತ್ತದೆ? ಸಾಲದ ಹಣ ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು. ಸಾಲಕ್ಕೆ ಒಪ್ಪುವ ಮೊದಲೇ, ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಶೇಕಡಾ ಎಷ್ಟಾಗುತ್ತದೆ ಎಂಬ ವಿವರ ಪತ್ರ ಕೈಗೆ ಕೊಡಬೇಕು. ಆ್ಯಪ್ ನಿಮ್ಮ ಫೋನಿನ ಸಂಪರ್ಕಗಳ ಪಟ್ಟಿಯನ್ನಾಗಲಿ, ಫೋಟೊಗಳನ್ನಾಗಲಿ ಮುಟ್ಟುವಂತಿಲ್ಲ. 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ, ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಗಳ ಜೊತೆ ಕೆಲಸ ಮಾಡುವ ಆ್ಯಪ್‌ಗಳ ಪಟ್ಟಿಯೂ ಇದೆ. ನಿಮ್ಮ ಎರಡೂ ಆ್ಯಪ್‌ಗಳ ಹೆಸರನ್ನು ಅಲ್ಲಿ ಹುಡುಕಿ. ಏಳು ದಿನದ್ದು ಅಲ್ಲಿ ಸಿಗುವುದು ಕಷ್ಟ ಎಂದೇ ನನಗೆ ಅನಿಸುತ್ತದೆ. 10,000 ಬರೆದುಕೊಂಡು 6,000 ಕೊಡುವವರು ವಿವರ ಪತ್ರ ಕೊಟ್ಟು ವ್ಯವಹಾರ ಮಾಡುವವರಲ್ಲ.

ಇವತ್ತೇ ಮಾಡಬೇಕಾದ ಕೆಲಸ ಇದು. ಬಂದ ಮೆಸೇಜು, ಬೆದರಿಕೆ, ಕರೆ ಬಂದ ಸಂಖ್ಯೆ, ಹಣ ಹೋದ ಯುಪಿಐ ಐಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಬೇರೊಂದು ಕಡೆ ಇಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಕೊಟ್ಟಿರುವ ಅನುಮತಿಗಳನ್ನೆಲ್ಲ ತೆಗೆದು, ಆಮೇಲೆ ಆ್ಯಪ್ ಅಳಿಸಿ. 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಗಚ್ಚಿಬೌಲಿ ಸೈಬರಾಬಾದ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತದೆ. ಅಲ್ಲಿನ ಸೈಬರ್ ಪೊಲೀಸರ ಬಳಿ ಖುದ್ದಾಗಿ ಹೋದರೆ ಇನ್ನೂ ಒಳ್ಳೆಯದು, ಜೊತೆಗೆ ರೂಮ್‌ಮೇಟ್‌ನನ್ನು ಕರೆದುಕೊಂಡು ಹೋಗಿ. ಅವರು ಫೋಟೊ ಕಳಿಸುವ ಮೊದಲು ನೀವೇ ಒಂದು ಮಾತು ಕಳಿಸಿಬಿಡಿ, ವಾಟ್ಸ್‌ಆ್ಯಪ್‌ನಲ್ಲಿ, ಆಫೀಸಿನವರಿಗೂ ನೆಂಟರಿಗೂ: "ನನ್ನ ಫೋನಿನ ಮಾಹಿತಿ ವಂಚಕರ ಕೈಗೆ ಸಿಕ್ಕಿದೆ. ನನ್ನ ಹೆಸರಿನಲ್ಲಿ ಕೆಟ್ಟ ಫೋಟೊ ಅಥವಾ ಮೆಸೇಜ್ ಬಂದರೆ ನಂಬಬೇಡಿ, ಬ್ಲಾಕ್ ಮಾಡಿ. ಪೊಲೀಸ್ ದೂರು ಕೊಟ್ಟಿದ್ದೇನೆ." ಇಷ್ಟು ಕಳಿಸಿದ ಕ್ಷಣ ಅವರ ಕೈಯಲ್ಲಿದ್ದ ಒಂದೇ ಆಯುಧ ಮೊಂಡಾಗುತ್ತದೆ. ಮುಂದೆ ಒಂದೆರಡು ವಾರ ಕರೆಗಳು ಹೆಚ್ಚಾಗಬಹುದು, ಭಾಷೆ ಹೊಲಸಾಗಬಹುದು. ಉತ್ತರಿಸಬೇಡಿ, ವಾದಿಸಬೇಡಿ, ಇನ್ನೊಂದು ಅವಕಾಶ ಕೊಡಿ ಎಂದು ಬೇಡಬೇಡಿ.

ಇನ್ನು ಆ ಏಜೆಂಟ್. 6,000 ಕೊಡಬೇಡಿ. ಸಾಲ ಕೊಡುವ ಬ್ಯಾಂಕ್ ತನ್ನ ಶುಲ್ಕವನ್ನು ಸಾಲದ ಮೊತ್ತದಲ್ಲೇ ಹಿಡಿದುಕೊಳ್ಳುತ್ತದೆ, ಅಥವಾ ತನ್ನ ಖಾತೆಗೆ ಕಟ್ಟಿಸಿಕೊಂಡು ರಸೀದಿ ಕೊಡುತ್ತದೆ. ಮಧ್ಯದಲ್ಲಿರುವವನ ಕೈಗೆ ಮುಂಗಡ ಹಣ ಕೊಟ್ಟವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಆಧಾರ್, ಪ್ಯಾನ್ ಪ್ರತಿಗಳನ್ನೂ ಕಳೆದುಕೊಳ್ಳುತ್ತಾರೆ. ಸಾಲಗಳನ್ನೆಲ್ಲ ಒಂದೇ ಮಾಡುವ ಯೋಚನೆ ಕೆಟ್ಟದ್ದಲ್ಲ. ಆದರೆ ನಿಮ್ಮ ವಿಷಯದಲ್ಲಿ ಒಂದು ಮಾಡಬೇಕಾದಷ್ಟು ದುಬಾರಿ ಸಾಲ ಒಂದೇ ಇದೆ, ಕ್ರೆಡಿಟ್ ಕಾರ್ಡ್‌ದು. ಅದಕ್ಕೆ ಹೊಸ 2 ಲಕ್ಷ ಬೇಕಾಗಿಲ್ಲ. ಕೈಯಲ್ಲಿ 2 ಲಕ್ಷ ಬಂದರೆ 1,36,000 ತೀರಿಸಿ ಉಳಿದ 64,000 ಎಲ್ಲಿ ಹೋಗುತ್ತದೆ ಎಂದು ನೀವೇ ಯೋಚಿಸಿ.

ಕಾರ್ಡ್ ಬಗ್ಗೆ ನೀವು "ಒಮ್ಮೆಯೂ ತಪ್ಪಿಸಿಲ್ಲ" ಎಂದು ಬರೆದಿದ್ದೀರಿ. ಆ ಪ್ರಾಮಾಣಿಕತೆ ನನಗೆ ಅರ್ಥವಾಗುತ್ತದೆ, ಅದಕ್ಕೇ ಈ ಲೆಕ್ಕವನ್ನು ನಿಧಾನವಾಗಿ ಓದಿ ಎಂದು ಕೇಳುತ್ತೇನೆ. ಕಾರ್ಡ್ ಬಡ್ಡಿ ತಿಂಗಳಿಗೆ ಶೇ 3.6 ಎಂದಿಟ್ಟುಕೊಂಡರೆ (ನಿಮ್ಮ ಸ್ಟೇಟ್‌ಮೆಂಟಿನಲ್ಲಿ ನಿಖರವಾದ ದರ ಇರುತ್ತದೆ) 72,000ಕ್ಕೆ ಒಂದು ತಿಂಗಳ ಬಡ್ಡಿ 2,592. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 466. ಎರಡೂ ಸೇರಿ 3,058. ನೀವು ಕಟ್ಟಿದ 3,600ರಲ್ಲಿ ಅಸಲಿಗೆ ಹೋದದ್ದು 542 ರೂಪಾಯಿ. ಅದೂ ಆ ತಿಂಗಳು ಕಾರ್ಡ್ ಉಜ್ಜದೇ ಇದ್ದರೆ ಮಾತ್ರ. ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಮಿನಿಮಮ್ ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ವರ್ಷಕ್ಕೆ ಇದು ಶೇ 40 ದಾಟುವ ಬಡ್ಡಿ. ಗ್ರಾಹಕ ಆಯೋಗ ಇದಕ್ಕೆ ಶೇ 30ರ ಮಿತಿ ಹಾಕಿತ್ತು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ದರ ಕಡಿಮೆಯಾಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಕಾರ್ಡ್ ಕೊಟ್ಟ ಬ್ಯಾಂಕಿಗೆ ಕರೆ ಮಾಡಿ, ಪೂರ್ತಿ ಬಾಕಿಯನ್ನು ಕಂತುಗಳಿಗೆ ಬದಲಿಸಿಕೊಡಿ ಎಂದು ಕೇಳಿ. ನೀವು ಮಿನಿಮಮ್ ತಪ್ಪಿಸದೇ ಇರುವುದು ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ವರ್ಷಕ್ಕೆ ಶೇ 18ರಂತೆ ಎರಡು ವರ್ಷಕ್ಕೆ ಸಿಕ್ಕರೆ ತಿಂಗಳ ಕಂತು ಸುಮಾರು 3,600. ಈಗ ಕಟ್ಟುತ್ತಿರುವಷ್ಟೇ! ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಮೊದಲು 3,800 ಆಗಬಹುದು. ಅದೇ ಹಣ, ಆದರೆ ಈಗ ಕೊನೆಯೇ ಕಾಣದ ಸಾಲಕ್ಕೆ ಆಗ ಕೊನೆಯ ತಾರೀಖು ಇರುತ್ತದೆ. ದರ ಎಷ್ಟು, ಪ್ರೊಸೆಸಿಂಗ್ ಶುಲ್ಕ ಎಷ್ಟು, ನಡುವೆ ಪೂರ್ತಿ ತೀರಿಸಿದರೆ ಶುಲ್ಕ ಎಷ್ಟು ಎಂಬ ಮೂರನ್ನೂ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಕಂತು ಶುರುವಾದ ದಿನ ಕಾರ್ಡ್ ಅನ್ನು ಆ್ಯಪ್‌ನಲ್ಲಿ ಲಾಕ್ ಮಾಡಿ, ಊಟ ತರಿಸುವ, ಟ್ಯಾಕ್ಸಿ ಕರೆಯುವ ಆ್ಯಪ್‌ಗಳಿಂದ ಅದರ ಸಂಖ್ಯೆ ತೆಗೆಯಿರಿ. ಇದನ್ನು ಮಾಡದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಬಾಕಿ ತೀರಿದ ಮೇಲೆ ಕಾರ್ಡ್ ಮುಚ್ಚಿಸಲು ಬರೆದುಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ಮೊದಲ ಆ್ಯಪ್, ಕೋರ್ಸಿನ ಸಾಲ, ಈ ಎರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ವರ್ಷದೊಳಗೆ ಎರಡೂ ಮುಗಿಯುತ್ತವೆ. ತಪ್ಪಿಸದೆ ಕಟ್ಟಿ, ಮುಗಿದಾಗ ಸಾಲ ತೀರಿದ ಪತ್ರ ತೆಗೆದುಕೊಳ್ಳಿ, ಆ್ಯಪ್ ಅಳಿಸಿ. ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತ ಬೋರ್ಡುಗಳನ್ನು ನೋಡುತ್ತ ನಿಂತಿರುವ ಹೊಸ ಹುಡುಗರಿಗೆ ಮಾತ್ರ ಒಂದು ಮಾತು. ಫೀಸನ್ನು ತಿಂಗಳ ಕಂತಿನಲ್ಲಿ ಕಟ್ಟಿ ಎಂದು ಇನ್‌ಸ್ಟಿಟ್ಯೂಟಿನವರು ಹೇಳಿದರೆ, ಆ ಕಂತು ಅವರಿಗೋ ಅಥವಾ ನಿಮ್ಮ ಹೆಸರಿನಲ್ಲಿ ತೆಗೆದ ಸಾಲಕ್ಕೋ ಎಂದು ಕೇಳಿ. ಸಾಲವಾದರೆ, ಕೋರ್ಸ್ ಅರ್ಧಕ್ಕೆ ಬಿಟ್ಟರೂ, ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿದರೂ ಫೈನಾನ್ಸ್ ಕಂಪನಿ ಕಂತು ಕೇಳುವುದು ನಿಮ್ಮನ್ನೇ.

ಈಗ ಊರಿನ ಬ್ಯಾಂಕು. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಆತಂಕ ತಂದದ್ದು ಆ ಎರಡು ಕಂತು. ಬಾಕಿ ಬಿದ್ದು 90 ದಿನ ದಾಟಿದರೆ ಬ್ಯಾಂಕಿನ ಪುಸ್ತಕದಲ್ಲಿ ಅದು ವಸೂಲಾಗದ ಸಾಲ, ಎನ್‌ಪಿಎ. ಅಲ್ಲಿಂದ ಮುಂದೆ ನಿಮ್ಮ ಸಾಲದ ದಾಖಲೆಗೆ ಬೀಳುವ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ನಾಳೆ ನೀವೇ ಬ್ಯಾಂಕ್ ಪರೀಕ್ಷೆ ಬರೆದು ಪಾಸಾದರೂ, ನೇಮಕದ ಹೊತ್ತಿಗೆ ಈ ದಾಖಲೆಯನ್ನು ನೋಡುತ್ತಾರೆ. ಇನ್ನೂ ಮುಖ್ಯವಾದದ್ದು, ಶಿಕ್ಷಣ ಸಾಲಕ್ಕೆ ನಿಮ್ಮೊಬ್ಬರ ಸಹಿ ಸಾಕಾಗಿರುವುದಿಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಮಾಡಿರುತ್ತಾರೆ. ಸಹಿ ಮಾಡಿದ್ದು ಅಪ್ಪನಾದರೆ, ನೀವು ತಪ್ಪಿಸಿದ ಕಂತು ಅವರ ದಾಖಲೆಗೂ ಬೀಳುತ್ತದೆ. ಮುಂಗಾರಿಗೆ ಮೊದಲು ಬೆಳೆ ಸಾಲಕ್ಕೆಂದು ಅವರು ಅದೇ ಶಾಖೆಗೆ ಹೋದಾಗ, ಮಗನ ಬಾಕಿ ಇದೆ ಎಂದು ಕೌಂಟರಿನಲ್ಲಿ ನಾಲ್ಕು ಜನರ ಎದುರು ಕೇಳಿಸಿಕೊಳ್ಳುವುದು ಬೇಡ.

ಶಾಖೆಗೆ ಖುದ್ದಾಗಿ ಹೋಗಿ ಎರಡು ವಿಷಯ ಕೇಳಿ. ಒಂದು, ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ ಇದು. ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕ್, ಆದರೆ ನಿಮ್ಮ ಹೆಸರನ್ನು ಕಳಿಸಬೇಕಾದದ್ದು ಸಾಲ ಕೊಟ್ಟ ಶಾಖೆ. ನಿಮ್ಮ 3,50,000 ಈಗ 4,70,000 ಆಗಿದೆ, ಅಂದರೆ 1,20,000 ಬಡ್ಡಿ ಅಸಲಿಗೆ ಸೇರಿದೆ. ಹಳ್ಳಿಯ ರೈತ ಕುಟುಂಬಕ್ಕೆ ಈ ಬಡ್ಡಿ ಬಿದ್ದಿರುವುದು ನೋಡಿದರೆ, ಆದಾಯ ಪ್ರಮಾಣಪತ್ರ ಕೊಡದೇ ಇದ್ದಿರೋ, ಕೊಟ್ಟದ್ದು ಫೈಲಿನಲ್ಲೇ ಉಳಿಯಿತೋ ಎಂಬ ಅನುಮಾನ ನನಗೆ. ಕ್ಲೇಮ್ ಕಳಿಸಿದ್ದಾರೆಯೇ, ಕಳಿಸಿಲ್ಲದಿದ್ದರೆ ಈಗ ಕಳಿಸಲು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ತಡವಾಯಿತು ಎಂಬ ಉತ್ತರವೂ ಬರಬಹುದು, ಆದರೂ ಕೇಳದೆ ಬಿಡುವಷ್ಟು ಸಣ್ಣ ಮೊತ್ತವಲ್ಲ ಅದು.

ಎರಡನೆಯದು ಅವಧಿ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 15 ವರ್ಷದವರೆಗೆ ಮರುಪಾವತಿಗೆ ಅವಕಾಶವಿದೆ. ನಿಮ್ಮ ಕಂತಿನ ಲೆಕ್ಕ ನೋಡಿದರೆ ಏಳು ವರ್ಷಕ್ಕೆ ಹಾಕಿದಂತಿದೆ. 15 ವರ್ಷಕ್ಕೆ ಬದಲಿಸಿದರೆ 7,800 ಇರುವ ಕಂತು 5,050ಕ್ಕೆ ಇಳಿಯುತ್ತದೆ. ಇದರಲ್ಲಿ ನಷ್ಟವೂ ಇದೆ. ಏಳು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 1,85,000 ಆಗುವ ಕಡೆ, 15 ವರ್ಷ ಪೂರ್ತಿ ಎಳೆದರೆ 4,39,000 ಆಗುತ್ತದೆ. ಆದರೂ ತೆಗೆದುಕೊಳ್ಳಿ ಎನ್ನುತ್ತೇನೆ, ಏಕೆಂದರೆ ನಿಮಗೆ ಉಸಿರಾಡಲು ಜಾಗ ಬೇಕಾಗಿರುವುದು ಈ ಒಂದು ವರ್ಷ. ಶಿಕ್ಷಣ ಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡವಿಲ್ಲ. ದುಬಾರಿ ಸಾಲ ತೀರಿದ ಮೇಲೆ ನೀವೇ ಹೆಚ್ಚು ಕಟ್ಟಿ ಏಳೆಂಟು ವರ್ಷಕ್ಕೇ ಮುಗಿಸಬಹುದು. ಅವಧಿ ಹೆಚ್ಚಿಸುವುದು ಬ್ಯಾಂಕಿನ ವಿವೇಚನೆ. ಬಾಕಿ ಎರಡು ಕಂತನ್ನು ಕೈಯಲ್ಲಿ ಹಿಡಿದು ಹೋದವನ ಮಾತಿಗೆ ಮ್ಯಾನೇಜರ್ ಹೆಚ್ಚು ಕಿವಿಗೊಡುತ್ತಾರೆ.

ಆ 15,600 ಎಲ್ಲಿಂದ ತರುವುದು? ಬೈಕ್ ಮಾರಿ. ಇದು ನಿಮಗೆ ಕಹಿಯಾದ ಮಾತು ಎಂದು ಗೊತ್ತು. ಊರಿಗೆ ಹೋದಾಗ ಬೈಕ್ ಮೇಲೆ ಹೋಗಿರುತ್ತೀರಿ, ಸ್ಟೇಟಸ್‌ಗೆ ಫೋಟೊ ಹಾಕಿರುತ್ತೀರಿ, ಅದು ಹೋದರೆ ಜನ ಕೇಳುತ್ತಾರೆ. ಕೇಳಲಿ. ಶೇ 40ರ ಬಡ್ಡಿಯಲ್ಲಿ ನಿಂತ ಬೈಕ್ ಅದು. 40,000ದ ಆಸುಪಾಸು ಬಂದರೆ ಬ್ಯಾಂಕಿನ ಬಾಕಿ ಕಂತು ಕಟ್ಟಿ, ಗೆಳೆಯನ 20,000 ತೀರಿಸಿ, ಸ್ವಲ್ಪ ಉಳಿಯುತ್ತದೆ. ಕಚೇರಿಗೆ ಆರ್‌ಟಿಸಿ ಬಸ್ ಪಾಸ್ ಮಾಡಿಸಿಕೊಳ್ಳಿ, ತಿಂಗಳ ಖರ್ಚು 12,000ದಿಂದ 11,000ಕ್ಕೆ ಇಳಿಯುತ್ತದೆ.

ಉಳಿದದ್ದು ಅಪ್ಪ. ಸಂಬಳದ ಬಗ್ಗೆ ಹೇಳಿದ ಆ ಒಂದು ಸುಳ್ಳಿಗೆ ನೀವು ತಿಂಗಳಿಗೆ 5,000 ಕಟ್ಟುತ್ತಿದ್ದೀರಿ, ಸಂಘದ ಕಂತು 3,000 ಬಿಟ್ಟು ಮನೆಗೆ ಕಳಿಸುವ ಹೆಚ್ಚಿನ ಹಣ ಅಷ್ಟೇ ಇದೆ. ನಿಮ್ಮ ಬೀದರ್ ಕಡೆಯ ಮನೆಗಳಿಗೆ ಹೈದರಾಬಾದ್ ದೂರದ ಊರಲ್ಲ. 1956ರವರೆಗೆ ಒಂದೇ ರಾಜ್ಯ, ಇವತ್ತಿಗೂ ದೊಡ್ಡ ಆಸ್ಪತ್ರೆ, ಮದುವೆ ಬಟ್ಟೆ, ಕೆಲಸ ಎಲ್ಲಕ್ಕೂ ಅಲ್ಲಿಗೇ. ಅಲ್ಲಿ ದುಡಿಯುವ ಮಗನ ಪಗಾರ ಊರಿನ ಕಟ್ಟೆಯ ಮೇಲೆ ಮಾತಾಗುತ್ತದೆ, ಅಪ್ಪನಿಗೆ ಅದು ಹೆಮ್ಮೆಯೂ ಹೌದು. ಆ ಹೆಮ್ಮೆ ಒಡೆಯಬಾರದು ಎಂದು ನೀವು ಹೆದರುತ್ತೀರಿ. ಆದರೆ ಬ್ಯಾಂಕಿನ ನೋಟಿಸ್ ಹೋಗುವುದು ಹಳ್ಳಿಯ ವಿಳಾಸಕ್ಕೆ, ಅಪ್ಪನ ಹೆಸರಿಗೆ. ಪೋಸ್ಟ್‌ಮನ್ ಹೇಳುವ ಮೊದಲು ನೀವೇ ಹೇಳಿ.

ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ. ಅವ್ವನೂ ಇರಲಿ. ಹಿಂದುಮುಂದು ಕಥೆ ಬೇಡ. "ಅಪ್ಪಾ, ನನ್ನ ಪಗಾರ ನಲವತ್ತೈದಲ್ಲ, ಮೂವತ್ತೊಂದು ಸಾವಿರ ಅದ. ಸುಳ್ಳು ಹೇಳಿದ್ದೆ. ಇಷ್ಟು ಸಾಲ ಅದ, ಹಿಂಗ ತೀರಸ್ತೀನಿ. ಒಂದು ವರ್ಷ ಮನೀಗಿ ಮೂರು ಸಾವಿರಕ್ಕಿಂತ ಹೆಚ್ಚಿಗಿ ಕಳಸೂದು ಆಗಂಗಿಲ್ಲ." ಒಂದು ಹಾಳೆಯಲ್ಲಿ ಸಾಲಗಳನ್ನು, ತೀರುವ ತಿಂಗಳುಗಳನ್ನು ಬರೆದು ಮುಂದಿಡಿ. ಅಪ್ಪ ಸಿಟ್ಟಾಗಬಹುದು, ಒಂದು ದಿನ ಮಾತು ಬಿಡಬಹುದು. ಅದನ್ನು ಸಹಿಸಿಕೊಳ್ಳಿ, ಅಷ್ಟು ಸಿಟ್ಟಿಗೆ ಅವರು ಹಕ್ಕುದಾರರು. ಆದರೆ ಹೊಲದ ಸಾಲ, ಸಂಘದ ಸಾಲ, ಮಳೆ ಕೈಕೊಟ್ಟ ವರ್ಷ ಎಲ್ಲ ನೋಡಿ ನಿಮ್ಮನ್ನು ಓದಿಸಿದ ಮನೆಯದು. ಸಾಲ ಎಂದರೆ ಏನು ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಅವರು.

ಅವ್ವನ 3,000 ಮಾತ್ರ ಯಾವ ತಿಂಗಳೂ ತಪ್ಪಿಸಬೇಡಿ. ಸಂಘದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದ ಹೆಂಗಸರೆಲ್ಲ ಅವಳ ಮನೆ ಬಾಗಿಲಿಗೆ ಬರುತ್ತಾರೆ. ಆ ನೋವು ಅವ್ವನಿಗೆ ಬೇಡ. ಹಾಗೊಮ್ಮೆ ವಸೂಲಿಯವರು ಮನೆಗೆ ಬಂದು ಕಿರುಕುಳ ಕೊಟ್ಟರೆ ಅವ್ವನಿಗೆ ಗೊತ್ತಿರಲಿ: ಕರ್ನಾಟಕ ಸರ್ಕಾರ 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ತಂದು ಇಂಥ ಬಲವಂತದ ವಸೂಲಿಯನ್ನು ಅಪರಾಧ ಮಾಡಿದೆ, ಆಮೇಲೆ ಅದು ಕಾಯ್ದೆಯಾಗಿದೆ, ಶಿಕ್ಷೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಠಾಣೆಯಲ್ಲಿ ದೂರು ಕೊಡಬಹುದು. 2010ರಲ್ಲಿ ಹೈದರಾಬಾದ್ ರಾಜಧಾನಿಯಾಗಿದ್ದ ಆಗಿನ ಆಂಧ್ರಪ್ರದೇಶದಲ್ಲೂ ಇದೇ ಸಂಘದ ಸಾಲದ ವಸೂಲಿ ಹಳ್ಳಿಗಳನ್ನು ಕಾಡಿ, ಅಲ್ಲಿನ ಸರ್ಕಾರವೂ ಸುಗ್ರೀವಾಜ್ಞೆ ತರಬೇಕಾಯಿತು. ಹದಿನೈದು ವರ್ಷದ ನಂತರ ನಮ್ಮ ಕಡೆ ಮತ್ತೆ ಅದೇ ಆಯಿತಲ್ಲ ಎಂಬ ನೋವು ನನಗಿದೆ.

ಇನ್ನು ಹೊಸ ತಿಂಗಳ ಲೆಕ್ಕ. ನಿಮ್ಮ ಖರ್ಚು 11,000, ಅವ್ವನಿಗೆ 3,000, ಶಿಕ್ಷಣ ಸಾಲ 5,050, ಕಾರ್ಡ್ 3,800, ಕೋರ್ಸ್ 5,000, ಆ್ಯಪ್ 3,200. ಒಟ್ಟು 31,050. ಬಿಗಿಯಾಗಿದೆ, ಆದರೆ ಸಂಬಳಕ್ಕಿಂತ ತುಸು ಹೆಚ್ಚಾದದ್ದು ಬೈಕಿನ ಹಣದಲ್ಲಿ ಉಳಿದದ್ದರಿಂದ ತುಂಬುತ್ತದೆ, ಹೊಸ ಸಾಲ ಬೇಕಿಲ್ಲ. ಇದಕ್ಕಿಂತ ಮುಂಚೆ ಶಿಕ್ಷಣ ಸಾಲದ ಕಂತನ್ನು ಬಿಟ್ಟರೂ ನಿಮಗೆ ಪ್ರತಿ ತಿಂಗಳು ಕೊರತೆ ಬೀಳುತ್ತಿತ್ತು. ಬ್ಯಾಂಕ್ ಅವಧಿ ಹೆಚ್ಚಿಸಲು ಒಪ್ಪದಿದ್ದರೆ, ಗೆಳೆಯನಿಗೆ ಈಗ ಅರ್ಧ ಮಾತ್ರ ಕೊಟ್ಟು, ಉಳಿದರ್ಧಕ್ಕೆ ಆರು ತಿಂಗಳ ಸಮಯ ಕೇಳಿ. ಬೈಕಿನ ಹಣದಲ್ಲಿ ಉಳಿದದ್ದು ಐದು ತಿಂಗಳ ಕೊರತೆಗೆ ಸರಿಹೋಗುತ್ತದೆ. ಅವನಿಗೆ ಬಾಯಿಮಾತಿನಲ್ಲಲ್ಲ, ತಾರೀಖು ಬರೆದುಕೊಡಿ.

ಆರು ತಿಂಗಳಾದ ಮೇಲೆ ಕೋರ್ಸ್ ಮತ್ತು ಆ್ಯಪ್ ಎರಡೂ ಮುಗಿದು 8,200 ಕೈಗೆ ಉಳಿಯುತ್ತದೆ. ಆ ಹಣ ಬಂದ ತಿಂಗಳು ನಿಜವಾದ ಪರೀಕ್ಷೆ. ಅದರಲ್ಲಿ 5,000 ಪ್ರತ್ಯೇಕ ಖಾತೆಗೆ ಹಾಕಿ. ಕಾರ್ಡ್‌ನ ಕಂತಿನ ಸಾಲಕ್ಕೆ ಅಷ್ಟಿಷ್ಟು ಮುಂಗಡ ಕಟ್ಟಲು ಹಲವು ಬ್ಯಾಂಕುಗಳು ಬಿಡುವುದಿಲ್ಲ, ಒಟ್ಟಿಗೇ ತೀರಿಸಲು ಬಿಡುತ್ತವೆ. ಹದಿನಾಲ್ಕನೆಯ ತಿಂಗಳ ಹೊತ್ತಿಗೆ ಖಾತೆಯಲ್ಲಿ 40,000 ಇರುತ್ತದೆ, ಕಾರ್ಡ್ ಬಾಕಿ 33,000ಕ್ಕೆ ಬಂದಿರುತ್ತದೆ. ಅವತ್ತು ಮುಗಿಸಿ. ಅಲ್ಲಿಯವರೆಗೆ ಜ್ವರವೋ, ಊರಿಗೆ ತುರ್ತಾಗಿ ಹೋಗುವುದೋ ಬಂದರೆ ಆ ಖಾತೆಯೇ ನಿಮ್ಮ ಆಸರೆ, ಆ್ಯಪ್ ಅಲ್ಲ. ಮಿಕ್ಕ 3,200ರಲ್ಲಿ ಗೆಳೆಯನ ಬಾಕಿ ಉಳಿದಿದ್ದರೆ ಮೊದಲು ಅದು, ಆಮೇಲೆ ಮನೆಗೆ.

ಕೆಲವು ಚಿಕ್ಕ ವಿಷಯಗಳು. ಸಂಬಳ ಬರುವ ದಿನಕ್ಕೆ ಹತ್ತಿರದ ತಾರೀಖಿಗೆ ಕಂತುಗಳನ್ನು ಬದಲಿಸಿಕೊಳ್ಳಿ. ಖಾತೆಯಲ್ಲಿ ಹಣವಿಲ್ಲದೆ ಆಟೊ ಡೆಬಿಟ್ ವಾಪಸ್ಸಾದರೆ ಬ್ಯಾಂಕೂ, ಸಾಲ ಕೊಟ್ಟವರೂ ಶುಲ್ಕ ಹಾಕುತ್ತಾರೆ. ಸಾಲ ಕಟ್ಟಲಾಗದಿದ್ದರೆ ಅರೆಸ್ಟ್ ಮಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಹೆದರಬೇಡಿ, ಬರೀ ಕಂತು ತಪ್ಪಿದ್ದಕ್ಕೆ ಪೊಲೀಸರು ಹಿಡಿಯುವುದಿಲ್ಲ, ಅದು ಸಿವಿಲ್ ವ್ಯಾಜ್ಯ. ಚೆಕ್ ಅಥವಾ ಆಟೊ ಡೆಬಿಟ್ ಬೌನ್ಸ್ ಆದರೆ ಮಾತ್ರ ಬೇರೆ ಕಾನೂನು ಇದೆ, ಅದಕ್ಕೇ ತಾರೀಖಿನ ಮಾತು ಹೇಳಿದೆ. ನೋಂದಾಯಿತ ಸಂಸ್ಥೆಯ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನೆಂಟರಿಗೆ, ಗೆಳೆಯರಿಗೆ ಫೋನ್ ಮಾಡಿ ಕಾಡುವಂತಿಲ್ಲ ಎಂದು 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದೆ. ಹಾಗೆ ಮಾಡಿದರೆ ಮೊದಲು ಆ ಸಂಸ್ಥೆಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ಮಾಹಿತಿಗೆ 14448. ಸಿಬಿಲ್ ಮುಂತಾದ ಪ್ರತಿಯೊಂದು ಸಂಸ್ಥೆಯಿಂದ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ಸಾಲದ ವರದಿ ಉಚಿತವಾಗಿ ಸಿಗುತ್ತದೆ. ತರಿಸಿ ನೋಡಿ, ನೀವು ತೆಗೆಯದ ಸಾಲ ಯಾವುದಾದರೂ ನಿಮ್ಮ ಹೆಸರಿನಲ್ಲಿದೆಯೇ ಎಂದು.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಅದಲ್ಲದ ಶನಿವಾರ ನೋಡಿಕೊಂಡು, ಶುಕ್ರವಾರ ರಾತ್ರಿಯ ಬಸ್ಸಿಗೆ ಊರಿಗೆ ಹೊರಡಿ. ಶನಿವಾರ ಬೆಳಿಗ್ಗೆ ಮೊದಲು ಅಪ್ಪನ ಎದುರು ಕೂತು ಮಾತಾಡಿ, ಹತ್ತು ಗಂಟೆಗೆ ಅವರನ್ನೂ ಕರೆದುಕೊಂಡು ಶಾಖೆಗೆ ಹೋಗಿ. ಬೈಕ್ ಅಷ್ಟರೊಳಗೆ ಮಾರಾಟವಾಗದಿದ್ದರೆ ಕಾಯಬೇಡಿ, ಮೂರನೆಯ ಕಂತಿನ ತಾರೀಖಿಗೆ ಮೊದಲು ಹೋಗಲೇಬೇಕು. ಹೋಗಿ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.